ಗಾಂಜಾ ಸರಿ, ಹೆಂಪ್ ತಪ್ಪಾ? ಜರ್ಮನಿಯ ಕಾನೂನಿನ ಬಗ್ಗೆ ಒಂದು ಉದ್ದ ಉತ್ತರ

ಪ್ರಶ್ನೆ: ಮೂರು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಸಿಬಿಡಿ (ಗಾಂಜಾ ಗಿಡದಲ್ಲೇ ಇರುವ, ಅಮಲು ಬರಿಸದ ವಸ್ತು) ಎಣ್ಣೆ, ಸಿಬಿಡಿ ಹೂವು ಎರಡನ್ನೂ ಗಾಜಿನ ಕಪಾಟಿನಲ್ಲಿಟ್ಟು ರಾಜಾರೋಷವಾಗಿ ಮಾರುತ್ತಾರೆ. ನಿದ್ದೆ ಸರಿಯಾಗಿ ಬರಲಿ ಅಂತ ಒಂದು ಬಾಟಲಿ ತಂದೆ. ಮನೆಗೆ ಬಂದು ನೋಡಿದರೆ ಅದರ ಮೇಲೆ "ಸೇವನೆಗೆ ಅಲ್ಲ" ಅಂತ ಜರ್ಮನ್‌ನಲ್ಲಿ ಬರೆದಿದೆ. ರೂಮ್‌ಮೇಟ್ ಹತ್ತಿರ ಹಳೇ ಎಚ್‌ಎಚ್‌ಸಿ ವೇಪ್ ಒಂದಿದೆ, ಹೆಂಪ್‌ನಿಂದ ಮಾಡಿದ ಅಮಲಿನ ವಸ್ತು ತುಂಬಿದ ಇ-ಸಿಗರೇಟ್. ಅದು ಈಗ ಬ್ಯಾನ್ ಅನ್ನುತ್ತಾನೆ. 2024ರಿಂದ ಇಲ್ಲಿ ಗಾಂಜಾನೇ ಸೇದಬಹುದು ಅಂತಿರುವಾಗ ಹೆಂಪ್‌ನಿಂದ ಮಾಡಿದ್ದು ಯಾಕೆ ಬ್ಯಾನ್? ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಅಮ್ಮನ ಮಂಡಿನೋವಿಗೆ ಆ ಎಣ್ಣೆ ಒಯ್ಯಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ, ಟಿಕೆಟ್ ಬುಕ್ ಆಗಿರಬಹುದು. ಆ ಬಾಟಲಿಯನ್ನು ಊರಿಗೆ ಒಯ್ಯಬೇಡಿ. ಯಾಕೆ ಅನ್ನುವುದು ಆಮೇಲೆ.

ಉಳಿದದ್ದಕ್ಕೆ ಸ್ವಲ್ಪ ತಾಳ್ಮೆ ಬೇಕು. ಔಷಧಿ ಮತ್ತು ಆಹಾರದ ಲೇಬಲ್‌ಗಳನ್ನು ಕಾನೂನಿನ ಜೊತೆ ತಾಳೆ ನೋಡುವುದೇ ಇಲ್ಲಿ ನನ್ನ ಕೆಲಸ. ಸಿಬಿಡಿ ಎಣ್ಣೆಯಷ್ಟು ತಲೆ ತಿನ್ನುವ ಲೇಬಲ್ ಇನ್ನೊಂದನ್ನು ನಾನು ಕಂಡಿಲ್ಲ. ನಾವೆಲ್ಲ ಕೇಳುವುದು "ಸಿಬಿಡಿ ಸರಿಯಾ, ತಪ್ಪಾ" ಅಂತ. ಜರ್ಮನಿಯ ಕಾನೂನು ಈ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳುವುದೇ ಇಲ್ಲ. ಇದನ್ನು ಯಾವ ಹೆಸರಲ್ಲಿ, ಯಾವ ಬಳಕೆಗೆ, ಯಾರು ಯಾರಿಗೆ ಕೊಡುತ್ತಿದ್ದಾರೆ ಅಂತ ಕೇಳುತ್ತದೆ. ಅದೇ ಎಣ್ಣೆ ಮುಖದ ಕ್ರೀಮಿಗೆ ಬಿದ್ದರೆ ಒಂದು ಕಾನೂನು, ಚಮಚಕ್ಕೆ ಬಿದ್ದರೆ ಇನ್ನೊಂದು, ಡಾಕ್ಟರ ಚೀಟಿಗೆ ಬಿದ್ದರೆ ಮತ್ತೊಂದು.

ಮೊದಲು ಗಿಡದ ಹೆಸರು ಸರಿ ಮಾಡಿಕೊಳ್ಳೋಣ. ಹೆಂಪ್ ಅಂದರೆ ಸೆಣಬು ಅಂತ ಕನ್ನಡದಲ್ಲಿ ಎಷ್ಟೋ ಕಡೆ ಬರೆದುಬಿಡುತ್ತಾರೆ. ನಮಗೆ ಸೆಣಬು ಅಂದರೆ ಗೋಣಿಚೀಲದ ನಾರು, ಅದು ಬೇರೆಯೇ ಗಿಡ. ಇಲ್ಲಿ ಮಾತಾಡುತ್ತಿರುವುದು ಗಾಂಜಾ ಗಿಡದ ಬಗ್ಗೆಯೇ, ಹಳ್ಳಿ ಕಡೆ ಭಂಗಿ ಸೊಪ್ಪು ಅಂತಾರಲ್ಲ, ಅದೇ. ಅದರಲ್ಲಿ ಅಮಲು ಬರಿಸುವ ಟಿಎಚ್‌ಸಿ ತೀರಾ ಕಡಿಮೆ ಇರುವ ತಳಿಗಳಿಗೆ ಹೆಂಪ್ ಅನ್ನುತ್ತಾರೆ, ಜರ್ಮನ್‌ನಲ್ಲಿ ನುಟ್ಸ್‌ಹಾನ್ಫ್. ಎಷ್ಟು ಕಡಿಮೆ ಅನ್ನುವ ಗೆರೆ ಎಳೆದದ್ದು ಪ್ರಕೃತಿಯಲ್ಲ, ಕಚೇರಿಗಳು. ಯುರೋಪಿಯನ್ ಒಕ್ಕೂಟದಲ್ಲಿ 2022ರ ತನಕ ಶೇ. 0.2 ಇತ್ತು, 2023ರಿಂದ ಶೇ. 0.3 ಆಯಿತು. ಸ್ವಿಟ್ಜರ್‌ಲೆಂಡ್‌ನಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೆ ಮಾದಕ ವಸ್ತುವೇ ಅಲ್ಲ. ಅಂದರೆ ಬಾಸೆಲ್‌ನಲ್ಲಿ ಅಂಗಡಿಯಿಂದ ಬಿಲ್ ಸಮೇತ ಕೊಂಡ ಹೂವನ್ನು ಜೇಬಿನಲ್ಲಿಟ್ಟುಕೊಂಡು 8ನೇ ನಂಬರ್ ಟ್ರಾಮ್ ಹತ್ತಿ, ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಇಳಿದರೆ, ನೀವು ಗಾಂಜಾ ಆಮದು ಮಾಡಿಕೊಂಡ ಹಾಗೆ. ನಗಬೇಡಿ, ಆ ಗಡಿಯಲ್ಲಿ ಕಸ್ಟಮ್ಸ್‌ನವರು ಇರುತ್ತಾರೆ.

ಜರ್ಮನಿಯಲ್ಲಿ ಹೆಂಪ್ ಬೆಳೆಯುವುದೇ 1982ರಲ್ಲಿ ನಿಷೇಧವಾಗಿತ್ತು. 1996ರಲ್ಲಿ ರೈತರಿಗೆ ಮತ್ತೆ ಅನುಮತಿ ಸಿಕ್ಕಿತು: ಒಪ್ಪಿಗೆ ಪಡೆದ ತಳಿಯ ಬೀಜ ಇರಬೇಕು, ಸರ್ಕಾರಕ್ಕೆ ತಿಳಿಸಿರಬೇಕು, ಹೊಲಕ್ಕೆ ಬಂದು ಮಾದರಿ ತೆಗೆದುಕೊಂಡು ಹೋಗಲು ಬಿಡಬೇಕು. ಕಾನೂನಿನಲ್ಲಿ ಒಂದು ಮಜವಾದ ವಿನಾಯಿತಿಯೂ ಇದೆ. ಬೀಟ್ ತಳಿ ಅಭಿವೃದ್ಧಿ ಮಾಡುವವರು ಬೇರೆ ಕಡೆಯ ಪರಾಗ ಹೊಲಕ್ಕೆ ಬಂದು ಬೀಳದಿರಲಿ ಅಂತ ಸುತ್ತಲೂ ಗಾಂಜಾ ಗಿಡದ ಬೇಲಿ ಹಾಕಬಹುದು. ಹೂ ಬಿಡುವ ಮೊದಲೇ ಕಿತ್ತು ಹಾಕಬೇಕು ಅಷ್ಟೆ. ಕಾನೂನು ಓದುವುದು ಬೇಜಾರಿನ ಕೆಲಸ ಅನ್ನುವವರಿಗೆ ನಾನು ಈ ಸಾಲು ತೋರಿಸುತ್ತೇನೆ.

ಈಗ 2024ರ ಏಪ್ರಿಲ್ 1. ಅವತ್ತು ಜಾರಿಗೆ ಬಂದದ್ದು ಗಾಂಜಾ ಬಳಕೆಯ ಕಾಯ್ದೆ, ಚಿಕ್ಕದಾಗಿ ಕೆಕಾನ್‌ಜಿ ಅನ್ನುತ್ತಾರೆ. ಹದಿನೆಂಟು ದಾಟಿದವರು ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ ಒಣ ಗಾಂಜಾ ಇಟ್ಟುಕೊಳ್ಳಬಹುದು. ಕನಿಷ್ಠ 6 ತಿಂಗಳಿಂದ ಜರ್ಮನಿಯಲ್ಲಿ ನೆಲೆಸಿದ್ದರೆ 3 ಗಿಡ ಬೆಳೆಯಬಹುದು. 2024ರ ಜುಲೈಯಿಂದ ಬೆಳೆಗಾರರ ಕ್ಲಬ್‌ಗಳೂ ಬಂದವು. ಇದಿಷ್ಟೂ ಎಲ್ಲರಿಗೂ ಗೊತ್ತು. ಜನರ ತಲೆಗೆ ಹೋಗದ ವಿಷಯ ಬೇರೆ ಇದೆ. ಈ ಕಾಯ್ದೆ ಮಾರಾಟವನ್ನು ಒಪ್ಪಿಲ್ಲ. ಆಮದನ್ನೂ ಒಪ್ಪಿಲ್ಲ. ಬೆಂಗಳೂರಿನಲ್ಲಿ ಕೂತು ಪೇಪರ್ ಓದಿದವರು ಜರ್ಮನಿಯಲ್ಲಿ ಗಾಂಜಾ ಅಂಗಡಿಗಳು ತೆರೆದಿವೆ ಅಂದುಕೊಂಡಿದ್ದಾರೆ. ಹಾಗೆ ಯಾವ ಅಂಗಡಿಗೂ ಲೈಸೆನ್ಸ್ ಇಲ್ಲ. ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಬಾಗಿಲು ತೆರೆದ ಕಾನೂನು ಮಾರುವುದಕ್ಕೆ ಹಾಗೇ ಬೀಗ ಹಾಕಿಟ್ಟಿದೆ. ನಿಮ್ಮ ಗೊಂದಲದ ಅರ್ಧ ಭಾಗ ಹುಟ್ಟುವುದು ಇಲ್ಲೇ.

ನಿಮ್ಮ ಮನೆ ಹತ್ತಿರದ ಅಂಗಡಿಯ ಹೂವನ್ನೇ ತೆಗೆದುಕೊಳ್ಳಿ. ನೋಡೋಕೆ ಗಾಂಜಾ, ವಾಸನೆ ಗಾಂಜಾ, ಟಿಎಚ್‌ಸಿ ಮಾತ್ರ ಶೇ. 0.3ರ ಒಳಗೆ. ಹೊಸ ಕಾಯ್ದೆ ಸಿಬಿಡಿ ಅನ್ನುವ ವಸ್ತುವನ್ನೂ ಹೆಂಪನ್ನೂ ಗಾಂಜಾ ಅನ್ನುವ ಪದದಿಂದ ಹೊರಗಿಟ್ಟಿದೆ. ಆದರೆ ಹೆಂಪ್‌ಗೆ ಒಂದು ಷರತ್ತಿದೆ. ಅದು ವಾಣಿಜ್ಯ ಅಥವಾ ಸಂಶೋಧನೆಯ ಉದ್ದೇಶಕ್ಕೆ ಮಾತ್ರ ಇರಬೇಕು, ಮತ್ತು ಅದರಿಂದ ಅಮಲೇರಿಸಿಕೊಳ್ಳುವ ದುರ್ಬಳಕೆ ಸಾಧ್ಯವೇ ಇರಬಾರದು. ಈ ಷರತ್ತು ಹಳೇ ಮಾದಕ ವಸ್ತು ಕಾಯ್ದೆಯಲ್ಲಿತ್ತು, ಹೊಸದಕ್ಕೂ ಹಾಗೇ ಎತ್ತಿಕೊಂಡು ಬಂದರು. ಇಲ್ಲಿ ಇದಕ್ಕೆ ಅಮಲಿನ ಷರತ್ತು ಅಂತಲೇ ಹೆಸರು.

"ಸಾಧ್ಯವೇ ಇರಬಾರದು" ಅಂದರೆ ಎಷ್ಟು? ಇದನ್ನು ತೀರ್ಮಾನ ಮಾಡಿದ್ದು ಒಂದು ಚಹಾ ಪ್ಯಾಕೆಟ್. ಬ್ರೌನ್‌ಶ್ವೈಗ್ ಊರಿನಲ್ಲಿ ಇಬ್ಬರು ಹೆಂಪ್ ಅಂಗಡಿ ನಡೆಸುತ್ತಿದ್ದರು. ಹೆಂಪ್ ಹೂವನ್ನು ಚಹಾ ಅಂತ ಮಾರಿದರು. ಕೇಸ್ ಆಯಿತು, ಕೆಳಗಿನ ಕೋರ್ಟ್ ಶಿಕ್ಷೆ ಕೊಟ್ಟಿತು. ಅದು ಫೆಡರಲ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಮಾರ್ಚ್ 24ರ ತೀರ್ಪು ಎರಡೂ ಕಡೆಯವರಿಗೆ ಅರ್ಧರ್ಧ ಸಿಹಿ. ಗ್ರಾಹಕರಿಗೆ ಹೆಂಪ್ ಹೂವು ಮಾರುವುದು ತನ್ನಷ್ಟಕ್ಕೆ ನಿಷೇಧವಲ್ಲ ಅಂತು ಕೋರ್ಟ್. ಆದರೆ ಅಮಲಿಗೆ ಬಳಸುವ ಸಾಧ್ಯತೆ ಇದ್ದರೆ ವಿನಾಯಿತಿ ಇಲ್ಲ. ಈ ಚಹಾವನ್ನು ಕುದಿಸಿ ಕುಡಿದರೆ ಏನೂ ಆಗುವುದಿಲ್ಲ. ಅದನ್ನೇ ಕೇಕ್‌ಗೆ ಹಾಕಿ ಬೇಯಿಸಿದರೆ? ಅಮಲು ಬರಬಹುದು ಅಂತ ಕೆಳಗಿನ ಕೋರ್ಟ್ ಕಂಡುಕೊಂಡಿತ್ತು, ಅದನ್ನು ಮೇಲಿನ ಕೋರ್ಟ್ ಒಪ್ಪಿತು. ಮಾರಿದವರಿಗೆ ಆ ಅರಿವು, ಉದ್ದೇಶ ಇತ್ತು ಅನ್ನುವುದು ಸಾಬೀತಾಗಿಲ್ಲ ಅಂತ ಮಾತ್ರ ಶಿಕ್ಷೆ ರದ್ದು ಮಾಡಿತು.

ಲೆಕ್ಕ ಹಾಕಿ ನೋಡಿ. ಶೇ. 0.2 ಅಂದರೆ 10 ಗ್ರಾಂ ಹೂವಿನಲ್ಲಿ 20 ಮಿಲಿಗ್ರಾಂ. ಗಿಡದಲ್ಲಿ ಅದು ಹೆಚ್ಚಾಗಿ ಆಮ್ಲದ ರೂಪದಲ್ಲಿರುತ್ತದೆ, ಬಿಸಿಗೆ ಟಿಎಚ್‌ಸಿ ಆಗುತ್ತದೆ. ಔಷಧಿಯಾಗಿ ಟಿಎಚ್‌ಸಿ ಕೊಡುವ ಡಾಕ್ಟರು ಸಾಮಾನ್ಯವಾಗಿ 2.5 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಹತ್ತು ಗ್ರಾಂ ಹೂವನ್ನು ಬೆಣ್ಣೆಯಲ್ಲಿ ಕಾಯಿಸಿ ಕೇಕ್ ಮಾಡಿ ಒಬ್ಬನೇ ತಿಂದರೆ ಏನಾಗಬಹುದು ಅನ್ನುವುದಕ್ಕೆ ವಿಜ್ಞಾನಿ ಬೇಕಾಗಿಲ್ಲ. ಯಾರೂ ಹಾಗೆ ಮಾಡಲ್ಲ, 20 ಯೂರೋ ಖರ್ಚು ಮಾಡಿ ಕೇಕ್ ಮಾಡುವ ಬದಲು ಬೇರೇನೋ ಕೊಳ್ಳುತ್ತಾರೆ ಅಂತ ಅಂಗಡಿಯವರ ವಾದ. ವಾದದಲ್ಲಿ ಹುರುಳಿದೆ. ಆದರೆ ಕಾಯ್ದೆ ಕೇಳುವುದು ಸಾಧ್ಯವಾ ಅಂತ, ಯಾರಾದರೂ ಮಾಡುತ್ತಾರಾ ಅಂತ ಅಲ್ಲ.

ಹೀಗಾಗಿ ಈಗಿನ ಚಿತ್ರ ಇದು. ಅದೇ ಅಂಗಡಿಯಿಂದ 5 ಗ್ರಾಂ ಸಿಬಿಡಿ ಹೂವು ತಂದರೂ ನಿಮ್ಮ ಮೇಲೆ ಏನೂ ಬರುವುದಿಲ್ಲ. ಅದನ್ನು ಹೆಂಪ್ ಅಂದರೂ ಸರಿ, ಗಾಂಜಾ ಅಂದರೂ ನಿಮ್ಮ 25 ಗ್ರಾಂ ಮಿತಿಯೊಳಗೇ ಇದೆ. ಮಾರಿದವನಿಗೆ ಮಾತ್ರ 3 ವರ್ಷದ ತನಕ ಜೈಲು ಅಥವಾ ದಂಡದ ಕೇಸ್ ಬೀಳಬಹುದು. ಕೌಂಟರಿನ ಈಚೆಗಿರುವವರು ನಿರಾಳ, ಆಚೆಗಿರುವವನ ಕತ್ತಿನ ಮೇಲೆ ಕತ್ತಿ. ಒಂದು ಊರಿನ ಪೊಲೀಸರು ಸುಮ್ನೆ ಬಿಡುತ್ತಾರೆ, ಇನ್ನೊಂದು ರಾಜ್ಯದಲ್ಲಿ ಬೆಳಗ್ಗೆ ಬಂದು ಸ್ಟಾಕ್ ಎತ್ತಿಕೊಂಡು ಹೋಗುತ್ತಾರೆ. ಕಪಾಟಿನಲ್ಲಿ ರಾಜಾರೋಷವಾಗಿ ಇದೆ ಅನ್ನುವುದು ಸರಿ ಅನ್ನುವುದಕ್ಕೆ ಪುರಾವೆ ಆಗುವುದಿಲ್ಲ. ಈ ಷರತ್ತನ್ನು ತೆಗೆದುಹಾಕುವ ಮಸೂದೆಗೆ 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಮುಂದಿನ ತಿಂಗಳೇ ಸಮ್ಮಿಶ್ರ ಸರ್ಕಾರ ಮುರಿದುಬಿತ್ತು, ಮಸೂದೆಯೂ ಅಲ್ಲೇ ನಿಂತಿತು. ನನ್ನ ಕೇಳಿದರೆ ಆ ಷರತ್ತು ಇನ್ನು ಇರಬೇಕಾದ್ದಲ್ಲ. ನಿಜವಾದ ಗಾಂಜಾ 25 ಗ್ರಾಂ ಜೇಬಿನಲ್ಲಿಟ್ಟುಕೊಂಡು ಪೊಲೀಸರ ಮುಂದೆ ನಡೆದುಹೋಗಬಹುದಾದ ದೇಶದಲ್ಲಿ, ಹೆಂಪ್ ಚಹಾದ ಕೇಕ್ ಬಗ್ಗೆ ಕೋರ್ಟು ತಲೆ ಕೆಡಿಸಿಕೊಳ್ಳುವುದು ಯಾತಕ್ಕೆ?

ಎಣ್ಣೆಯ ಕಥೆ ಬೇರೆ. ಅದಕ್ಕೆ ಅಡ್ಡ ಬಂದಿರುವುದು ಪೊಲೀಸ್ ಕಾನೂನಿಗಿಂತ ಜಾಸ್ತಿ ಅಡುಗೆಮನೆ ಕಾನೂನು.

ಸಿಬಿಡಿ ಮಾದಕ ವಸ್ತುವಾ ಅನ್ನುವ ಪ್ರಶ್ನೆಗೆ ಯುರೋಪಿನ ನ್ಯಾಯಾಲಯ 2020ರ ನವೆಂಬರ್ 19ರಂದೇ ಉತ್ತರ ಕೊಟ್ಟಿದೆ. ಫ್ರಾನ್ಸ್‌ನಲ್ಲಿ ಇಬ್ಬರು ಕಾನಾವೇಪ್ ಅನ್ನುವ ಇ-ಸಿಗರೇಟ್ ಮಾರುತ್ತಿದ್ದರು. ಒಳಗಿನ ಸಿಬಿಡಿ ಎಣ್ಣೆ ಚೆಕ್ ಗಣರಾಜ್ಯದಲ್ಲಿ ಕಾನೂನು ಪ್ರಕಾರ ಬೆಳೆದ ಹೆಂಪ್‌ನದು, ಆದರೆ ಹೂವು ಸಮೇತ ಇಡೀ ಗಿಡದಿಂದ ತೆಗೆದದ್ದು. ಫ್ರಾನ್ಸ್‌ನಲ್ಲಿ ಆಗ ನಾರು ಮತ್ತು ಬೀಜಕ್ಕೆ ಮಾತ್ರ ಅವಕಾಶ ಇತ್ತು. ಒಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ಮಾಡಿದ ಸಿಬಿಡಿಯನ್ನು, ಆರೋಗ್ಯಕ್ಕೆ ಹಾನಿ ಅಂತ ಸರಿಯಾದ ಆಧಾರ ಇಲ್ಲದೆ ಇನ್ನೊಂದು ದೇಶ ತಡೆಯುವಂತಿಲ್ಲ ಅಂತ ಕೋರ್ಟ್ ಹೇಳಿತು. ಅದೇ ವರ್ಷ ಬೇಸಿಗೆಯಲ್ಲಿ ಸಿಬಿಡಿ ಮಾದಕ ವಸ್ತು ಇರಬಹುದು ಅಂತ ವಾಲಿದ್ದ ಯುರೋಪಿಯನ್ ಆಯೋಗವೂ ಡಿಸೆಂಬರ್‌ನಲ್ಲಿ ಮಾತು ಬದಲಿಸಿತು. ಅಲ್ಲಿಗೆ ಮಾದಕದ ಜಗಳ ಮುಗಿಯಿತು. ಅಂಗಡಿಯವರು ಪಟಾಕಿ ಹೊಡೆದರು.

ಆದರೆ ಮಾದಕ ಅಲ್ಲ ಅಂದ ಮಾತ್ರಕ್ಕೆ ತಿನ್ನಬಹುದು ಅಂತ ಆಗಲ್ಲ. 1997ರ ಮೇ 15ಕ್ಕಿಂತ ಮೊದಲು ಯುರೋಪಿನಲ್ಲಿ ಜನ ಗಣನೀಯವಾಗಿ ತಿಂದಿರದ ಯಾವುದೇ ವಸ್ತುವೂ ಇಲ್ಲಿ "ಹೊಸ ಆಹಾರ". ಅದಕ್ಕೆ ಮೊದಲು ಸುರಕ್ಷತೆಯ ಪರೀಕ್ಷೆ, ಆಮೇಲೆ ಅನುಮತಿ, ಆಮೇಲೆ ಮಾರಾಟ. ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು ಹಿಂದಿನಿಂದ ತಿಂದದ್ದು, ಹಾಗಾಗಿ ಅವು ಸೂಪರ್ ಮಾರ್ಕೆಟ್‌ನಲ್ಲಿ ಓಟ್ಸ್ ಪಕ್ಕದಲ್ಲೇ ಇವೆ. ಅವಕ್ಕೂ ಟಿಎಚ್‌ಸಿ ಮಿತಿ ಇದೆ: ಬೀಜಕ್ಕೆ ಕಿಲೋಗೆ 3 ಮಿಲಿಗ್ರಾಂ, ಬೀಜದ ಎಣ್ಣೆಗೆ 7.5 ಮಿಲಿಗ್ರಾಂ. ಹೂವಿನಿಂದ ತೆಗೆದ ಸಾರವನ್ನು ಮಾತ್ರ, ಸಿಬಿಡಿ ಇರಲಿ, ಅದೇ ಗಿಡದ ಇನ್ನೊಂದು ವಸ್ತುವಾದ ಸಿಬಿಜಿ ಇರಲಿ, 2019ರ ಜನವರಿಯಲ್ಲಿ ಹೊಸ ಆಹಾರದ ಪಟ್ಟಿಗೆ ಸೇರಿಸಿದರು. ಕಂಪನಿಗಳು ಅರ್ಜಿ ಮೇಲೆ ಅರ್ಜಿ ಹಾಕಿದವು. 2022ರ ಜೂನ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಯಕೃತ್ತು, ಹಾರ್ಮೋನ್, ನರಮಂಡಲ, ಸಂತಾನಶಕ್ತಿ ಇವುಗಳ ಮೇಲೆ ಏನಾಗುತ್ತದೆ ಅನ್ನುವ ಮಾಹಿತಿ ಸಾಲದು ಅಂತ ಪರಿಶೀಲನೆಯನ್ನೇ ನಿಲ್ಲಿಸಿ ಕೂತಿತು.

ಈಗ ನಿಮ್ಮ ಬಾಟಲಿ ಮೇಲಿನ "ಸೇವನೆಗೆ ಅಲ್ಲ" ಅರ್ಥ ಆಯಿತಲ್ಲ? ಆಹಾರ ಅಂತ ಮಾರಿದರೆ ಅನುಮತಿ ಬೇಕು, ಅದು ಇಲ್ಲ. ಔಷಧಿ ಅಂತ ಮಾರೋಣ ಅಂದರೆ ಸಿಬಿಡಿ ಔಷಧಿಗೆ 2016ರ ಅಕ್ಟೋಬರ್‌ನಿಂದ ಡಾಕ್ಟರ ಚೀಟಿ ಕಡ್ಡಾಯ. ಉಳಿದದ್ದು ಏನು? ಸುವಾಸನೆಯ ಎಣ್ಣೆ, ಬಾಯಿ ಆರೈಕೆಯ ಎಣ್ಣೆ, ಚರ್ಮಕ್ಕೆ ಹಚ್ಚುವ ಎಣ್ಣೆ. ಕಾಸ್ಮೆಟಿಕ್ಸ್‌ನಲ್ಲಿ ಸಿಬಿಡಿಗೆ ನಿಜಕ್ಕೂ ಜಾಗ ಇದೆ, ಕ್ರೀಮು, ಮುಲಾಮು ಎಲ್ಲ ಸರಿ. ಆದರೆ ಈ ಸುವಾಸನೆಯ ಎಣ್ಣೆಗೆ ನಾಲಿಗೆ ಕೆಳಗೆ ಬಿಡುವ ಡ್ರಾಪರ್ ಯಾಕೆ ಕೊಟ್ಟಿದ್ದಾರೆ? "ಹನಿಗೆ 4 ಮಿಲಿಗ್ರಾಂ" ಅಂತ ಯಾಕೆ ಬರೆದಿದ್ದಾರೆ? ಊದುಬತ್ತಿ ಪ್ಯಾಕೆಟ್ ಮೇಲೆ ಡೋಸ್ ಬರೆದ ಹಾಗೆ. ಮಾರುವವನಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ತಪಾಸಣೆಗೆ ಬರುವ ಅಧಿಕಾರಿಗೂ ಗೊತ್ತು. ಅಧಿಕಾರಿ ಲೇಬಲ್ ಒಂದನ್ನೇ ನೋಡುವುದಿಲ್ಲ, ಡ್ರಾಪರ್, ಜಾಹೀರಾತು, ಅಂಗಡಿಯವನ ಮಾತು ಎಲ್ಲ ಸೇರಿಸಿ ಇದು ಬಾಯಿಗೆ ಹೋಗುವ ವಸ್ತು ಅಂತ ತೀರ್ಮಾನ ಮಾಡಿ ಮಾರಾಟ ನಿಲ್ಲಿಸಬಹುದು. ಮನೆಯಲ್ಲಿ ನೀವು ಕುಡಿದರೆ ಅಪರಾಧವಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ಮಾತ್ರ "ಕುಡಿಯಬೇಡಿ ಅಂತ ಬರೆದಿದ್ದೆವಲ್ಲ" ಅಂತ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಆ ಎರಡು ಪದ ಇರುವುದು ಅವರ ರಕ್ಷಣೆಗೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದು ನನಗೆ ಯಾವಾಗಲೂ ಕಸಿವಿಸಿ ಮಾಡುವ ಲೆಕ್ಕ. ಹತ್ತು ಎಂಎಲ್ ಬಾಟಲಿಯಲ್ಲಿ ಸುಮಾರು 250 ಹನಿ. ಲೇಬಲ್ ಮೇಲೆ "ಟಿಎಚ್‌ಸಿ ಶೇ. 0.2ಕ್ಕಿಂತ ಕಡಿಮೆ" ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಹೂವಿನ ವಿಷಯದಲ್ಲಿ ಚಿಕ್ಕದಾಗಿ ಕಾಣುವ ಆ ಅಂಕಿ ಎಣ್ಣೆಯಲ್ಲಿ ಚಿಕ್ಕದಲ್ಲ. ಗೆರೆಯ ತುದಿಯಲ್ಲೇ ಇರುವ ಬಾಟಲಿಯಲ್ಲಿ 20 ಮಿಲಿಗ್ರಾಂ ಹತ್ತಿರ ಟಿಎಚ್‌ಸಿ ಇರಬಹುದು. ಹನಿಗೆ 0.08 ಮಿಲಿಗ್ರಾಂ. ಯುರೋಪಿನ ಆಹಾರ ಪ್ರಾಧಿಕಾರ 2015ರಲ್ಲಿ ಹಾಕಿದ ಮಿತಿ ಒಂದು ದಿನಕ್ಕೆ ದೇಹದ ಕಿಲೋ ತೂಕಕ್ಕೆ 1 ಮೈಕ್ರೋಗ್ರಾಂ. ಎಪ್ಪತ್ತು ಕಿಲೋ ಇರುವವರಿಗೆ 0.07 ಮಿಲಿಗ್ರಾಂ. ಒಂದೇ ಹನಿಗೆ ಮಿತಿ ದಾಟಿತು. ಇದರಿಂದ ಅಮಲೇನೂ ಬರುವುದಿಲ್ಲ, ಆ ಮಿತಿಯನ್ನು ತುಂಬ ಎಚ್ಚರದಿಂದ ಇಟ್ಟಿದ್ದಾರೆ. ಆದರೆ ಗಿಡಕ್ಕೆ ಅಂತ ಎಳೆದ ಗೆರೆಯನ್ನು ಬಾಟಲಿಗೆ ಅಂಟಿಸಿ "ಸುರಕ್ಷಿತ" ಅನ್ನುವುದು ಕಣ್ಣಿಗೆ ಮಣ್ಣೆರಚುವ ಕೆಲಸ. ಹೋದಾಗ ಅಂಗಡಿಯವರನ್ನು ಆ ಬ್ಯಾಚ್‌ನ ಲ್ಯಾಬ್ ಸರ್ಟಿಫಿಕೇಟ್ ಕೇಳಿ. ಬ್ಯಾಚ್ ನಂಬರ್ ಬಾಟಲಿ ಮೇಲಿನದ್ದಕ್ಕೆ ಹೊಂದಬೇಕು. ವೆಬ್‌ಸೈಟ್‌ನಲ್ಲಿ ಎರಡು ವರ್ಷ ಹಳೆಯ ಒಂದೇ ಸರ್ಟಿಫಿಕೇಟ್ ಹಾಕಿಟ್ಟಿದ್ದರೆ ಆ ಅಂಗಡಿ ಬಿಡಿ.

ನಿದ್ದೆಯ ವಿಷಯಕ್ಕೆ ಒಂದು ಮಾತು. ಅಪಸ್ಮಾರಕ್ಕೆ ಕೊಡುವ ಎಪಿಡಿಯೊಲೆಕ್ಸ್ ಅನ್ನುವ ಶುದ್ಧ ಸಿಬಿಡಿ ಔಷಧಿಗೆ ಯುರೋಪಿನಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಅದರ ಸಾಮಾನ್ಯ ಪ್ರಮಾಣವೇ ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಆಸುಪಾಸು. ಎಪ್ಪತ್ತು ಕಿಲೋ ಇರುವವರಿಗೆ ಸುಮಾರು 700 ಮಿಲಿಗ್ರಾಂ. ನಾಲ್ಕು ಮಿಲಿಗ್ರಾಂನ ಹನಿ ಎಷ್ಟು ಕೆಲಸ ಮಾಡೀತು, ನೀವೇ ಯೋಚಿಸಿ.

ಇನ್ನು ನಿಮ್ಮ ರೂಮ್‌ಮೇಟ್‌ನ ವೇಪ್. ಅವನು ಹೇಳಿದ್ದು ಸರಿ.

ಎಚ್‌ಎಚ್‌ಸಿ ಏನು ಅಂತ ತಿಳಿದರೆ ನಿಷೇಧವೂ ಅರ್ಥ ಆಗುತ್ತದೆ. ಗಿಡದಲ್ಲಿ ಇದು ಇರುವುದು ಲೆಕ್ಕಕ್ಕೆ ಬಾರದಷ್ಟು. ಹಾಗಾಗಿ ಕಾರ್ಖಾನೆಯಲ್ಲಿ ಮಾಡುತ್ತಾರೆ. ಕಾನೂನುಬದ್ಧ ಹೆಂಪ್‌ನಿಂದ ಸಿಬಿಡಿ ತೆಗೆದು, ಆಮ್ಲ ಹಾಕಿ ಅದನ್ನು ಟಿಎಚ್‌ಸಿ ಮಾಡಿ, ಆ ಟಿಎಚ್‌ಸಿಗೆ ಲೋಹದ ವೇಗವರ್ಧಕದ ಜೊತೆ ಹೈಡ್ರೋಜನ್ ಹಾಯಿಸುತ್ತಾರೆ. ಕಡಲೆಕಾಯಿ ಎಣ್ಣೆಯನ್ನು ಡಾಲ್ಡಾ ಮಾಡುವ ಕ್ರಮವೇ ಇದು. ಅಮೆರಿಕದ ರಸಾಯನಶಾಸ್ತ್ರಜ್ಞ ರೋಜರ್ ಆಡಮ್ಸ್ 1940ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದರು. ಕೊನೆಗೆ ಸಿಗುವುದು ಎರಡು ಅವಳಿ ಅಣುಗಳ ಮಿಶ್ರಣ, ಅದರಲ್ಲಿ ಒಂದಕ್ಕೆ ಮಾತ್ರ ಹೆಚ್ಚು ಅಮಲು. ಯಾವುದು ಎಷ್ಟು ಅನ್ನುವುದು ಬ್ಯಾಚಿನಿಂದ ಬ್ಯಾಚಿಗೆ ಬೇರೆ. ಮೊನ್ನೆ ಸೇದಿದ ವೇಪ್ ಏನೂ ಮಾಡಲಿಲ್ಲ, ಅದೇ ಕಂಪನಿಯದ್ದು ಇವತ್ತು ನೆಲ ತಿರುಗಿಸಿತು ಅನ್ನುವ ದೂರು ಸುಮ್ನೆ ಬಂದದ್ದಲ್ಲ.

ಇದು ಯುರೋಪಿನ ಕಣ್ಣಿಗೆ ಮೊದಲು ಬಿದ್ದದ್ದು 2022ರಲ್ಲಿ, ಡೆನ್ಮಾರ್ಕ್‌ನಲ್ಲಿ. ಮುಂದಿನ ವರ್ಷ ಜರ್ಮನಿಯ ಕಿಯಾಸ್ಕ್‌ಗಳಲ್ಲಿ, ರಸ್ತೆ ಬದಿಯ ವೆಂಡಿಂಗ್ ಮಷಿನ್‌ಗಳಲ್ಲಿ ತುಂಬಿಹೋಯಿತು. ಆಗಿನ್ನೂ ಗಾಂಜಾಗೇ ಅನುಮತಿ ಇರಲಿಲ್ಲ ನೋಡಿ. ಟಿಎಚ್‌ಸಿ ಅಲ್ಲ, ಆದರೂ ಅಮಲು, ನಿಷೇಧದ ಪಟ್ಟಿಯಲ್ಲೂ ಇಲ್ಲ. ಮಾರುವವರಿಗೆ ಇನ್ನೇನು ಬೇಕು?

ಪಟ್ಟಿಯ ಕಥೆ ಸ್ವಲ್ಪ ಹಿಂದಿನದು. ಒಂದು ಕಾಲದಲ್ಲಿ ಇಂಥ ಹೊಸ ಅಮಲಿನ ಪುಡಿ, ಸೇದುವ ಸೊಪ್ಪಿನ ಮಿಶ್ರಣಗಳನ್ನು ಜರ್ಮನಿಯವರು ಔಷಧಿ ಕಾನೂನಿನ ಕೆಳಗೆ ಹಿಡಿಯುತ್ತಿದ್ದರು. 2014ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ, ಸುಮ್ನೆ ಅಮಲಿಗೆ ತೆಗೆದುಕೊಳ್ಳುವ, ಆರೋಗ್ಯಕ್ಕೆ ಒಳ್ಳೆಯದೇನೂ ಮಾಡದ ವಸ್ತು ಔಷಧಿ ಆಗುವುದಿಲ್ಲ ಅಂದುಬಿಟ್ಟಿತು. ಕೇಸುಗಳ ಬುಡವೇ ಅಲುಗಾಡಿತು. ಆ ತೂತು ಮುಚ್ಚಲು 2016ರಲ್ಲಿ ಹೊಸ ಅಮಲು ವಸ್ತುಗಳ ಕಾಯ್ದೆ ತಂದರು. ಒಂದೊಂದೇ ವಸ್ತುವಿನ ಹೆಸರು ಬರೆಯುವ ಬದಲು ರಾಸಾಯನಿಕ ಗುಂಪುಗಳನ್ನೇ ನಿಷೇಧಿಸುವ ಕಾಯ್ದೆ ಅದು. ಎಚ್‌ಎಚ್‌ಸಿ ಮತ್ತು ಅದರ ಬಂಧುಬಳಗ ಅದರೊಳಗೆ ಬಂದದ್ದು 2024ರ ಜೂನ್ 27ರಂದು. ದಿನಾಂಕ ನೋಡಿ: ಏಪ್ರಿಲ್‌ನಲ್ಲಿ ಗಾಂಜಾಗೆ ಬಾಗಿಲು ತೆರೆಯಿತು, ಮೂರು ತಿಂಗಳು ತುಂಬುವ ಮೊದಲು ಗಾಂಜಾ ಅಲ್ಲದ ಎಚ್‌ಎಚ್‌ಸಿಗೆ ಬಾಗಿಲು ಮುಚ್ಚಿತು. ನಿಮ್ಮ ಪ್ರಶ್ನೆಯ ವಿಚಿತ್ರ ಹುಟ್ಟಿದ್ದು ಆ ಮೂರು ತಿಂಗಳಲ್ಲಿ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗವೂ ಎಚ್‌ಎಚ್‌ಸಿಯನ್ನು 1971ರ ಒಪ್ಪಂದದ ಪಟ್ಟಿಗೆ ಸೇರಿಸಿತು.

ವಿಚಿತ್ರ ಅಂದೆ, ಅನ್ಯಾಯ ಅನ್ನಲಿಲ್ಲ. ಗಾಂಜಾ ಜನ ಸಾವಿರಾರು ವರ್ಷ ಬಳಸಿ ಅದರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಕಂಡಿರುವ ವಸ್ತು. ವೇಪ್‌ನೊಳಗೆ ಆಮ್ಲದ ಉಳಿಕೆ ಎಷ್ಟಿದೆ, ಲೋಹ ಎಷ್ಟಿದೆ, ಯಾವ ಅವಳಿ ಎಷ್ಟಿದೆ ಅಂತ ಕೊಂಡವರಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. "ಹೆಂಪ್‌ನಿಂದ ಮಾಡಿದ್ದು, ನೈಸರ್ಗಿಕ" ಅನ್ನುವ ಮಾತು ಅಕ್ಕಿಯಿಂದ ಮಾಡಿದ್ದು ಅಂತ ಸಾರಾಯಿಯನ್ನು ಅನ್ನದ ಜೊತೆ ಬಡಿಸಿದ ಹಾಗೆ.

ಈ ಕಾಯ್ದೆಯಲ್ಲೊಂದು ಸೂಕ್ಷ್ಮ ಇದೆ. ಇಟ್ಟುಕೊಳ್ಳುವುದೂ ನಿಷೇಧ, ಆದರೆ ಸ್ವಂತಕ್ಕೆ ಇಟ್ಟುಕೊಂಡವರಿಗೆ ಶಿಕ್ಷೆ ಇಲ್ಲ. ಪೊಲೀಸರು ಕಂಡರೆ ಕಿತ್ತುಕೊಳ್ಳುತ್ತಾರೆ, ಅಷ್ಟೆ. ಮಾರಿದರೆ, ಹಂಚಿದರೆ 3 ವರ್ಷದ ತನಕ ಜೈಲು ಅಥವಾ ದಂಡ. ಹಾಗಾಗಿ ರೂಮ್‌ಮೇಟ್ ಅದನ್ನು "ನಂಗೆ ಬೇಡ, ನೀನು ಇಟ್ಕೋ" ಅಂತ ಪಾರ್ಟಿಯಲ್ಲಿ ಯಾರಿಗೋ ದಾಟಿಸುವುದು ಬೇಡ. ದುಡ್ಡು ತೆಗೆದುಕೊಳ್ಳದಿದ್ದರೂ ಹಂಚಿದ ಹಾಗೇ. ಹೊಸ ಹೊಸ ಅಕ್ಷರಗಳ ಜೋಡಣೆಯ ವೇಪ್‌ಗಳು ಬರುತ್ತಲೇ ಇರುತ್ತವೆ, "ನೂರಕ್ಕೆ ನೂರು ಲೀಗಲ್" ಅನ್ನುವ ಸ್ಟಿಕ್ಕರ್ ಸಮೇತ. ಆ ಸ್ಟಿಕ್ಕರ್‌ನ ಆಯುಷ್ಯ ಪಟ್ಟಿಯ ಮುಂದಿನ ತಿದ್ದುಪಡಿಯ ತನಕ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಕಾರು ಓಡಿಸುತ್ತೀರಾ? 2024ರ ಆಗಸ್ಟ್ 22ರಿಂದ ರಕ್ತದ ಸೀರಮ್‌ನಲ್ಲಿ ಟಿಎಚ್‌ಸಿ ಮಿತಿ ಎಂಎಲ್‌ಗೆ 3.5 ನ್ಯಾನೋಗ್ರಾಂ. ದಾಟಿದರೆ ಸಾಮಾನ್ಯವಾಗಿ 500 ಯೂರೋ ದಂಡ, ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಇಪ್ಪತ್ತೊಂದು ತುಂಬದವರು ಮತ್ತು ಲೈಸೆನ್ಸ್‌ನ ಪರೀಕ್ಷಾ ಅವಧಿಯಲ್ಲಿರುವವರು ಟಿಎಚ್‌ಸಿಯ ಪ್ರಭಾವದಲ್ಲಿ ಓಡಿಸಲೇಬಾರದು. ನಾನು ಬಾಟಲಿಯ 20 ಮಿಲಿಗ್ರಾಂ ಲೆಕ್ಕ ಹೇಳಿದ್ದು ನೆನಪಿದೆಯಲ್ಲ? ದಿನಾ ಜಾಸ್ತಿ ಹನಿ ತೆಗೆದುಕೊಂಡು ರಸ್ತೆಯಲ್ಲಿ ತಪಾಸಣೆಗೆ ಸಿಕ್ಕಿದರೆ "ಸಿಬಿಡಿ ಮಾತ್ರ ಸಾರ್" ಅನ್ನುವ ವಾದ ನಡೆಯುವುದಿಲ್ಲ. ಯಂತ್ರ ನೋಡುವುದು ಟಿಎಚ್‌ಸಿಯನ್ನು, ನಿಮ್ಮ ಬಾಟಲಿಯ ಹೆಸರನ್ನಲ್ಲ. ಎಚ್‌ಎಚ್‌ಸಿ ಸೇದಿದವರ ಮೂತ್ರವೂ ಮೊದಲ ಪರೀಕ್ಷೆಯಲ್ಲಿ ಗಾಂಜಾ ಅಂತಲೇ ತೋರಿಸಬಹುದು.

ಈಗ ಡಿಸೆಂಬರ್.

ನಮ್ಮ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಭಾರತದ ಮಾದಕ ವಸ್ತು ಕಾಯ್ದೆ, 1985ರದ್ದು. ಅದರಲ್ಲಿ ಗಾಂಜಾ ಅಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ಅದರ ಅಂಟು ಚರಸ್. ಇವುಗಳ ಮಿಶ್ರಣವೂ ಅದರೊಳಗೇ ಬರುತ್ತದೆ. ತುದಿಯ ಜೊತೆ ಇಲ್ಲದ ಬರೀ ಎಲೆ, ಬೀಜ ಹೊರಗುಳಿಯುತ್ತವೆ. ಭಂಗಿ ಬದುಕಿಕೊಂಡಿರುವುದು ಈ ಸಂದಿಯಲ್ಲೇ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಂಗಿ ನಿಷೇಧಿತ ಅಂತ ತೋರಿಸುವ ಆಧಾರ ಇಲ್ಲ ಅಂದದ್ದೂ ಇದರಿಂದಲೇ. ನೀವು ಗಮನಿಸಬೇಕಾದದ್ದು ಇಷ್ಟು: ಯುರೋಪಿನ ಕಾನೂನು ಟಿಎಚ್‌ಸಿ ಎಷ್ಟಿದೆ ಅಂತ ಕೇಳುತ್ತದೆ, ನಮ್ಮದು ಗಿಡದ ಯಾವ ಭಾಗ ಅಂತ ಕೇಳುತ್ತದೆ. ಗಾಂಜಾದ ಆ ವ್ಯಾಖ್ಯಾನದಲ್ಲಿ ಶೇ. 0.3 ಅನ್ನುವ ಗೆರೆಯೇ ಇಲ್ಲ. ನಿಮ್ಮ ಎಣ್ಣೆ ತೆಗೆದದ್ದು ಹೂವಿನ ತುದಿಯಿಂದ. ದೇವನಹಳ್ಳಿಯಲ್ಲಿ ಇಳಿದು ಕಸ್ಟಮ್ಸ್ ಮುಂದೆ ಜರ್ಮನ್ ಲೇಬಲ್ ತೋರಿಸಿ, ಕಾನಾವೇಪ್ ತೀರ್ಪು ವಿವರಿಸುತ್ತಾ ನಿಲ್ಲುತ್ತೀರಾ? ಲ್ಯಾಬ್ ವರದಿ ಬರುವ ತನಕ ನಿಮ್ಮ ರಜೆ ಎಲ್ಲಿ ಕಳೆಯುತ್ತದೆ ಅಂತ ಯೋಚಿಸಿ. ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸುವ ಟಿಕೆಟ್ ಆಗಿದ್ದರೆ ಇನ್ನೂ ಕಷ್ಟ, ಆ ದೇಶಗಳು ಈ ವಿಷಯದಲ್ಲಿ ಯಾವ ಮುಲಾಜೂ ನೋಡುವುದಿಲ್ಲ. ಹೆಂಪ್ ಬೀಜ ತಿನ್ನುವುದಕ್ಕೆ ಭಾರತದಲ್ಲಿ 2021ರಿಂದ ಅವಕಾಶ ಇದೆ, ಆದರೆ ಅದೂ ಅಲ್ಲೇ ಸಿಗುತ್ತದೆ. ಇಲ್ಲಿಂದ ಹೊತ್ತುಕೊಂಡು ಹೋಗುವ ದರ್ದೇನು?

ಕಾನೂನು ಬಿಟ್ಟರೂ ಅಮ್ಮನ ವಿಷಯಕ್ಕೆ ಇನ್ನೊಂದಿದೆ. ಸಿಬಿಡಿ ಯಕೃತ್ತಿನಲ್ಲಿ ಬೇರೆ ಔಷಧಿಗಳು ಕರಗುವುದನ್ನು ನಿಧಾನ ಮಾಡುತ್ತದೆ. ಅವರು ರಕ್ತ ತೆಳುವಾಗಲು ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದು ಅಪಾಯಕ್ಕೇ ಹೋಗಬಹುದು. ಗಿಡದ್ದೇ ಬೇಕು ಅಂತ ಅವರಿಗೆ ಮನಸ್ಸಿದ್ದರೆ, ಆಯುರ್ವೇದದಲ್ಲಿ ಇದೇ ಗಿಡಕ್ಕೆ ವಿಜಯಾ ಅನ್ನುತ್ತಾರೆ. ಅದರ ಎಲೆಯ ಸಾರದ ಔಷಧಿಗಳು ಆಯುಷ್ ಲೈಸೆನ್ಸ್ ಪಡೆದು ವೈದ್ಯರ ಚೀಟಿ ಮೇಲೆ ಸಿಗುತ್ತವೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದು ಹೋಗಿ ಕೇಳಲಿ.

ಮಂಡಿ ಸವೆದ ನೋವಿಗೆ ವೈದ್ಯರು ಮೊದಲು ಬರೆಯುವುದು ಹೆಚ್ಚಾಗಿ ಡೈಕ್ಲೋಫೆನಾಕ್ ಜೆಲ್. ಇಲ್ಲಿ ಅಪೊಥೇಕೆಯಲ್ಲಿ, ಅಂದರೆ ಔಷಧಿ ಅಂಗಡಿಯಲ್ಲಿ, ಚೀಟಿ ಇಲ್ಲದೆ ಕೊಡುತ್ತಾರೆ, ಒಂದು ಟ್ಯೂಬ್ ತೆಗೆದುಕೊಂಡು ಹೋದರೆ ಯಾರೂ ಏನೂ ಕೇಳುವುದಿಲ್ಲ. ಅದೂ ನಿಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲಿ ಇಲ್ಲಿಗಿಂತ ಅಗ್ಗ. ಬ್ಯಾಗಿನಲ್ಲಿ ಉಳಿದ ಜಾಗಕ್ಕೆ ಚಾಕೊಲೇಟ್ ತುಂಬಿ.